ಸಂಜೆ ಊಟವಿಲ್ಲದವರ ಸಂಜೆ ಮಾತ್ರೆ

ನೊಂಗ್ ಕೊಕ್ ಹಳ್ಳಿಯವರದು ಕೊಡುವ ಕೈ. ಅದರಲ್ಲೂ ಸಿಹಿ ಕೊಡುವುದೆಂದರೆ ಮುಗಿಯಿತು. ಸತ್ತ ಅಜ್ಜನಿಗೆ ಮೊಟ್ಟೆಯ ಹಳದಿಯ ಉಂಡೆ ಇಷ್ಟವಿತ್ತೆಂದರೆ, ಅಜ್ಜನ ಹೆಸರಿನಲ್ಲಿ ಅದನ್ನೇ ಮಾಡಿ ಬೆಳಿಗ್ಗೆ ಬೌದ್ಧ ಭಿಕ್ಷುಗಳ ಪಾತ್ರೆಗೆ ಹಾಕಬೇಕು. ಅತ್ತೆಗೆ ತೆಂಗಿನ ಹಾಲಿನ ಅಂಟಕ್ಕಿ ಇಷ್ಟವಿತ್ತೆಂದರೆ ಅತ್ತೆಯ ಹೆಸರಿನಲ್ಲಿ ಅದು. ಹಾಕಿದ್ದನ್ನು ಬೇಡ ಎನ್ನುವ ಹಾಗಿಲ್ಲ, ಭಿಕ್ಷುಗಳು ತಿನ್ನಲೇಬೇಕು. ಹೀಗೆ ಊರಿನ ಸತ್ತವರೆಲ್ಲ ಸೇರಿಕೊಂಡು, ಬದುಕಿದ್ದ ಲುವಾಂಗ್ ಪೋ ಖಾಮ್ ಅವರಿಗೆ ಸಕ್ಕರೆ ಕಾಯಿಲೆ ತಂದಿಟ್ಟರು.

ಲುವಾಂಗ್ ಪೋ ಎಂದರೆ ವಿಹಾರದ ಹಿರಿಯ ಗುರುಗಳು. ಅರವತ್ತೆಂಟು ವರ್ಷ. ಊರಿನ ಅರ್ಧ ಜನಕ್ಕೆ ಹೆಸರಿಟ್ಟವರು, ಉಳಿದರ್ಧಕ್ಕೆ ಬುದ್ಧಿ ಹೇಳಿದವರು. ಬೇಸಿಗೆಯಲ್ಲಿ ರಕ್ತ ಪರೀಕ್ಷೆಯ ತಂಡ ಬಂದಾಗ ಅವರ ಸಕ್ಕರೆ ಏರಿರುವುದು ಗೊತ್ತಾಯಿತು. ತಾಲೂಕಿನ ಆಸ್ಪತ್ರೆಯಿಂದ ಮಾತ್ರೆ ಬಂತು. ಪೊಟ್ಟಣದ ಮೇಲೆ ಸ್ಪಷ್ಟವಾಗಿ ಬರೆದಿತ್ತು: ಬೆಳಿಗ್ಗೆ ಒಂದು, ಸಂಜೆ ಒಂದು, ಊಟಕ್ಕೆ ಅರ್ಧ ಗಂಟೆ ಮುಂಚೆ.

ಮಾತ್ರೆ ಕೊಡುವ ಕೆಲಸ ಸುವಾನನ ಪಾಲಿಗೆ ಬಂತು. ಬರದೆ ಇನ್ನೇನು? ವಿಹಾರದ ಪಾರುಪತ್ಯವೆಲ್ಲ ಅವನದೇ. ಬೀಗದ ಕೈಗಳ ಗೊಂಚಲು ಅವನ ಸೊಂಟದಲ್ಲಿ, ಧ್ವನಿವರ್ಧಕದ ಮೈಕು ಅವನ ಕೈಯಲ್ಲಿ. ಹಿಂದೆ ಹನ್ನೊಂದು ವರ್ಷ ತಾನೇ ಭಿಕ್ಷುವಾಗಿದ್ದು, ಆಮೇಲೆ ಚೀವರದ ಕಾವಿ ಬಟ್ಟೆ ಕಳಚಿಟ್ಟು ಬುವಾಲೈಯನ್ನು ಮದುವೆಯಾದವನು. ಲುವಾಂಗ್ ಪೋ ಎಂದರೆ ಅವನಿಗೆ ತಂದೆಗಿಂತ ಹೆಚ್ಚು. ಆದರೆ ತನಗೆ ಗೊತ್ತಿಲ್ಲದ್ದು ಈ ಲೋಕದಲ್ಲಿ ಏನೂ ಇಲ್ಲ ಎಂಬ ಒಂದು ಜಂಬವೂ ಇತ್ತು. ಬುವಾಲೈ ನೆರೆಹೊರೆಯವರ ಮುಂದೆ ನಗುತ್ತಿದ್ದಳು: "ನಮ್ಮ ಯಜಮಾನ್ರಿಗೆ ಬಾರದ ಮಾತು ಒಂದೇ ಕಣ್ರೇ. ‘ಗೊತ್ತಿಲ್ಲ’ ಅನ್ನೋದು."

ಭಿಕ್ಷುಗಳು ಮಧ್ಯಾಹ್ನ ಹನ್ನೆರಡರ ಮೇಲೆ ಉಣ್ಣುವುದಿಲ್ಲ. ಬೆಳಿಗ್ಗೆ ಏಳಕ್ಕೊಂದು, ಹನ್ನೊಂದಕ್ಕೊಂದು, ಅಲ್ಲಿಗೆ ಆ ದಿನದ ಊಟ ಮುಗಿಯಿತು. ಸಂಜೆ ಊಟವೇ ಇಲ್ಲದ ಮೇಲೆ ಊಟಕ್ಕೆ ಅರ್ಧ ಗಂಟೆ ಮುಂಚೆ ಎಂಬುದು ಎಲ್ಲಿಂದ ಬರಬೇಕು? ಸುವಾನ್ ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ಓದಿದ. ಊಟವಿಲ್ಲ, ಹಾಗಾದರೆ ಮಾತ್ರೆಯೂ ಇಲ್ಲ ಎಂದು ತೀರ್ಮಾನ ಮಾಡಿದ. ಬೆಳಗಿನ ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ಕೊಟ್ಟ. ಸಂಜೆಯ ಮಾತ್ರೆಯನ್ನು ಎಸೆಯಲು ಮನಸ್ಸಾಗದೆ ಒಂದು ಹಳೆಯ ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕುತ್ತ ಬಂದ. ಆ ಡಬ್ಬಿಯಲ್ಲಿ ಮೊದಲೇ ದೊಡ್ಡ ಸಂಸಾರವಿತ್ತು. ಜನ ದಾನ ಕೊಡುವ ಹಳದಿ ಬಕೆಟ್ಟುಗಳಲ್ಲಿ ಸೋಪು, ಟವೆಲ್ಲು, ಊದುಬತ್ತಿಯ ಜೊತೆ ಬಂದ ನೋವಿನ ಮಾತ್ರೆ, ಹೊಟ್ಟೆಯುಬ್ಬರದ ಪುಡಿ, ಕೆಮ್ಮಿನ ಔಷಧಿ ಎಲ್ಲ ಅಲ್ಲೇ ಇದ್ದವು. ಕೆಲವು ಯಾವ ಕಾಲದವೋ ಅವುಗಳಿಗೇ ಮರೆತುಹೋಗಿತ್ತು.

ನಿಜ ಹೇಳಬೇಕೆಂದರೆ ಸುವಾನ್ ಯೋಚಿಸಿದ್ದು ಮೂರ್ಖತನವೇನಲ್ಲ. ನಾನಾಗಿದ್ದರೂ ನೀವಾಗಿದ್ದರೂ ಹಾಗೇ ಯೋಚಿಸುತ್ತಿದ್ದೆವು. ಅವನ ತಪ್ಪು ಒಂದೇ, ಅದನ್ನು ಯಾರಿಗೂ ಹೇಳಲಿಲ್ಲ.

ಮಳೆಗಾಲ ಬಂತು. ಮಳೆಯ ಮೂರು ತಿಂಗಳು ಭಿಕ್ಷುಗಳು ತಮ್ಮ ವಿಹಾರದಲ್ಲೇ ಇರಬೇಕು, ಹೊರಗೆ ರಾತ್ರಿ ಕಳೆಯಬಾರದು. ಕಾಯಿಲೆ ಕಸಾಲೆ ಎಂದರೆ ಏಳು ದಿನದ ವಿನಾಯಿತಿ ಉಂಟು, ಅಷ್ಟೇ. ಹಾಗೆ ಮೂರು ತಿಂಗಳು ಪೂರೈಸಿದ ಐವರು ಭಿಕ್ಷುಗಳಾದರೂ ಇದ್ದರೆ ಮಾತ್ರ ಮಳೆಗಾಲ ಮುಗಿದ ಮೇಲೆ ಊರಿಗೆ ಕಥಿನ್ ಹಬ್ಬ, ಹೊಸ ಚೀವರ ದಾನ. ನೊಂಗ್ ಕೊಕ್ ವಿಹಾರದಲ್ಲಿ ಆ ವರ್ಷ ಇದ್ದವರು ಸರಿಯಾಗಿ ಐವರು. ಪಕ್ಕದೂರಿನಿಂದ ಒಬ್ಬರನ್ನು ಎರವಲು ತಂದು ಲೆಕ್ಕ ತುಂಬಿಸೋಣವೆಂದರೆ ಲುವಾಂಗ್ ಪೋ ಒಪ್ಪುವವರಲ್ಲ. ಹಿಂದಿನ ವರ್ಷ ನಾಲ್ವರೇ ಇದ್ದು ಹಬ್ಬ ತಪ್ಪಿತ್ತು. ಪಕ್ಕದೂರಿನವರು ಸಂತೆಯಲ್ಲಿ ಸಿಕ್ಕಾಗಲೆಲ್ಲ ಕೆಣಕುತ್ತಿದ್ದರು. ಈ ಸಲ ನಡೆದೇ ತೀರಬೇಕೆಂದು ಹೆಂಗಸರು ಆಗಲೇ ಮಗ್ಗ ಹೂಡಿ ಬಟ್ಟೆ ನೇಯುತ್ತಿದ್ದರು.

ಇಂಥ ಹೊತ್ತಿನಲ್ಲಿ ಲುವಾಂಗ್ ಪೋ ಅವರ ಅಂಗಾಲಿಗೆ, ಬರಿಗಾಲಲ್ಲಿ ಭಿಕ್ಷೆಗೆ ಹೋದಾಗ, ಒಂದು ಚೂಪುಗಲ್ಲು ತಾಗಿತು. ಕಡಲೆಕಾಳಿನಷ್ಟು ಗಾಯ. ವಾರವಾದರೂ ಒಣಗಲಿಲ್ಲ, ಎರಡು ವಾರವಾದರೂ ಒಣಗಲಿಲ್ಲ.

ಊರಿನ ಆರೋಗ್ಯ ಕೇಂದ್ರಕ್ಕೆ ಆಗಷ್ಟೇ ಪಿಕುನ್ ಎಂಬ ನರ್ಸು ವರ್ಗವಾಗಿ ಬಂದಿದ್ದಳು. ಇದೇ ಊರಿನ ಹೆಣ್ಣುಮಗಳು, ಬೇರೆ ಕಡೆ ಹದಿನೈದು ವರ್ಷ ದುಡಿದು ಬಂದವಳು. ಗಾಯ ನೋಡಲು ಬಂದಳು. ಹೆಂಗಸರು ಭಿಕ್ಷುಗಳನ್ನು ಮುಟ್ಟುವಂತಿಲ್ಲವಲ್ಲ, ಆದ್ದರಿಂದ ದೂರ ಕೂತು ಹೀಗೆ ತೊಳೆಯಿರಿ, ಹೀಗೆ ಕಟ್ಟಿರಿ ಎಂದು ಸುವಾನನಿಂದಲೇ ಮಾಡಿಸಿದಳು. ಬೆರಳು ಚುಚ್ಚಿಸಿ ಸಕ್ಕರೆ ನೋಡಿದರೆ ಮುನ್ನೂರರ ಮೇಲೆ. ಅವಳ ಹುಬ್ಬು ಗಂಟಾಯಿತು.

"ದೊಡ್ಡಪ್ಪಾ, ಸಂಜೆ ಮಾತ್ರೆ ಹೇಗೆ ಕೊಡ್ತಿದೀರಿ?"

ಸುವಾನನಿಗೆ ಉರಿದುಹೋಯಿತು. ಈ ಹುಡುಗಿ ಲಂಗ ಹಾಕಿಕೊಂಡು ವಿಹಾರದ ಮಾವಿನಕಾಯಿ ಕದಿಯುವಾಗ ತಾನು ಬೆನ್ನಟ್ಟಿದ್ದುಂಟು. ಈಗ ತನಗೇ ಪ್ರಶ್ನೆ ಕೇಳುತ್ತಾಳೆ.

"ಬರೆದಂಗೇ ಕೊಡ್ತಿದೀನಿ," ಎಂದ. "ಹನ್ನೊಂದು ವರ್ಷ ಚೀವರ ಉಟ್ಟೋನಮ್ಮ ನಾನು. ನಿಂಗೆ ಅಕ್ಷರ ಬರೋಕ್ ಮುಂಚೆ ನಂಗೆ ಓದೋಕ್ ಬರ್ತಿತ್ತು."

ಇನ್ನೊಂದು ಪ್ರಶ್ನೆ ಕೇಳಬೇಕೆಂದು ಪಿಕುನಳಿಗೆ ಅನ್ನಿಸಿತ್ತು. ಅಷ್ಟರಲ್ಲಿ ಕೇಂದ್ರದಿಂದ ಕರೆ ಬಂತು, ಎದ್ದಳು. ಆಸ್ಪತ್ರೆಗೆ ಒಂದು ಚೀಟಿ ಬರೆದುಕೊಟ್ಟು ಹೋದಳು.

ಚೀಟಿ ಹಿಡಿದು ಮಾರನೆಯ ದಿನ ಸುವಾನ್ ತಾಲೂಕಿನ ಆಸ್ಪತ್ರೆಗೆ ಹೋದ. ಅಲ್ಲಿ ಜಾತ್ರೆಯಂಥ ಸಾಲು. ಡಾಕ್ಟರ ಮುಂದೆ ಇದ್ದ ಪುಸ್ತಕದಲ್ಲಿ ಗುರುತಿನ ಚೀಟಿಯ ಹೆಸರಷ್ಟೇ ಇತ್ತು: ಖಾಮ್, ಅರವತ್ತೆಂಟು ವರ್ಷ. ಇವರು ಭಿಕ್ಷು ಎಂದು ಅದರಲ್ಲಿ ಎಲ್ಲೂ ಇಲ್ಲ. ಕಾಗದ ಚೀವರ ಉಡುವುದಿಲ್ಲವಲ್ಲ. ಡಾಕ್ಟರು ತಲೆಯೆತ್ತದೆ ಕೇಳಿದರು, ಮಾತ್ರೆ ತಪ್ಪದೆ ತಗೋತಿದಾರಾ ಎಂದು. ಸುವಾನ್ ಎದೆಯುಬ್ಬಿಸಿ, ಒಂದು ಬೆಳಿಗ್ಗೆಯೂ ತಪ್ಪಿಸಿಲ್ಲ ಎಂದ. ಸುಳ್ಳಲ್ಲ ನೋಡಿ. ಆದರೆ ನಿಜವೂ ಅಲ್ಲ.

ಇಷ್ಟು ಮಾತ್ರೆ ತಗೊಂಡರೂ ಸಕ್ಕರೆ ಇಳಿದಿಲ್ಲವೆಂದರೆ ಮಾತ್ರೆ ಸಾಲುತ್ತಿಲ್ಲ ಎಂದೇ ಡಾಕ್ಟರು ತಿಳಿದರು. ಒಂದಿದ್ದದ್ದನ್ನು ಎರಡು ಮಾಡಿದರು. ಬೆಳಿಗ್ಗೆ ಎರಡು, ಸಂಜೆ ಎರಡು. ಹತ್ತು ದಿನದಲ್ಲಿ ಇಳಿಯದಿದ್ದರೆ ಗಾಯ ಕಾಲು ತಿನ್ನುತ್ತದೆ, ಒಂದು ತಿಂಗಳಾದರೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ ಎಂದೂ ಹೇಳಿದರು.

ಒಂದು ತಿಂಗಳು ಎಂಬ ಮಾತು ಕೇಳಿ ಸುವಾನ್ ದಿನ ಎಣಿಸಿದ. ಏಳು ದಿನ ದಾಟಿದರೆ ಗುರುಗಳ ವ್ರತ ಮುರಿಯಿತು. ಐವರಲ್ಲಿ ಒಬ್ಬರು ಕಡಿಮೆಯಾದರೆ ಕಥಿನ್ ಹೋಯಿತು. ಗುರುಗಳ ಕಾಲು ಬೇರೆ. ಬಸ್ಸಿನಲ್ಲಿ ಬರುವಾಗ ಅವನಿಗೆ ತಗಡಿನ ಡಬ್ಬಿ ನೆನಪಾಯಿತು. ತಾನು ನಿಲ್ಲಿಸಿದ ಮಾತ್ರೆಯಿಂದಲೇ ಹೀಗಾಯಿತು. ಡಾಕ್ಟರ ಹತ್ತಿರ ವಾಪಸು ಹೋಗಿ ಹೇಳಲೇ ಎಂದುಕೊಂಡ. ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ನಾಲ್ಕು ಜನರ ಮುಂದೆ ಬೈದರೆ? ಬೇಡ. ಇನ್ನು ಮುಂದೆ ಬರೆದದ್ದನ್ನು ಬರೆದ ಹಾಗೇ ಕೊಟ್ಟುಬಿಡುತ್ತೇನೆ, ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಕೊಟ್ಟೂಬಿಟ್ಟ. ಬೆಳಿಗ್ಗೆ ಎರಡು. ಸಂಜೆ ಐದಕ್ಕೆ ಎರಡು, ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ. ಲುವಾಂಗ್ ಪೋ ಏನೂ ಕೇಳಲಿಲ್ಲ. ಸುವಾನ್ ಕೊಟ್ಟದ್ದನ್ನು ಅವರು ಇಪ್ಪತ್ತು ವರ್ಷದಿಂದ ಕೇಳದೆಯೇ ತೆಗೆದುಕೊಳ್ಳುತ್ತಿದ್ದರು.

ಎರಡನೆಯ ಸಂಜೆ. ವಿಹಾರದ ಮಂಟಪದಲ್ಲಿ ಆರು ಗಂಟೆಯ ಪ್ರಾರ್ಥನೆ ನಡೆಯುತ್ತಿತ್ತು. ಐವರು ಭಿಕ್ಷುಗಳು ಮುಂದೆ, ಊರಿನ ಹತ್ತು ಹದಿನೈದು ಜನ ಹಿಂದೆ. ಐವತ್ತು ವರ್ಷದಿಂದ ಒಂದಕ್ಷರ ತಪ್ಪದೆ ಹೇಳುತ್ತಿದ್ದ ಗಾಥೆಯಲ್ಲಿ ಲುವಾಂಗ್ ಪೋ ಒಂದು ಸಾಲು ಬಿಟ್ಟರು. ಸುವಾನ್ ಕಿವಿ ನಿಮಿರಿಸಿದ. ಇನ್ನೊಂದು ಸಾಲು ಹಿಂದುಮುಂದಾಯಿತು. ಪಕ್ಕದ ಭಿಕ್ಷು ಮೆಲ್ಲಗೆ ಸರಿಪಡಿಸಿದರೆ, ಯಾರಿಗೂ ಏರು ದನಿಯಲ್ಲಿ ಮಾತಾಡದ ಲುವಾಂಗ್ ಪೋ ರೇಗಿದರು. ಚೀವರವೆಲ್ಲ ಬೆವರಿನಲ್ಲಿ ತೊಯ್ದು ಮೈಗೆ ಅಂಟಿತ್ತು. ಕೈ ನಡುಗುತ್ತಿತ್ತು. ನೋಡುನೋಡುತ್ತಿದ್ದ ಹಾಗೆ ಕಂಬಕ್ಕೆ ಒರಗಿದರು.

ಜನ ಎದ್ದು ನಿಂತರು. ಜೀವಾತ್ಮ ಮೈ ಬಿಟ್ಟು ಅಲೆಯಲು ಹೋಗಿದೆ, ಅದನ್ನು ವಾಪಸು ಕರೆದು ಮಣಿಕಟ್ಟಿಗೆ ದಾರ ಕಟ್ಟಬೇಕು ಎಂದು ಯಾರೋ ಹೇಳಿದರು. ಬುವಾಲೈ ಮಾತ್ರ ಗುರುಗಳ ಮುಖವನ್ನೇ ನೋಡುತ್ತಿದ್ದಳು. ಅವಳ ಚಿಕ್ಕಮ್ಮನಿಗೂ ಸಕ್ಕರೆ ಇತ್ತು, ಹೀಗೇ ಬೆವರಿ ಹೀಗೇ ನಡುಗುವುದನ್ನು ಅವಳು ಕಂಡಿದ್ದಳು. ಮೋಟಾರು ಬೈಕು ಹತ್ತಿ ಪಿಕುನಳನ್ನು ಕರೆತರಲು ಹೊರಟಳು. ಹೋಗುವ ಮುಂಚೆ ಒಬ್ಬ ಹೆಂಗಸಿಗೆ, ಒಂದು ಲೋಟ ಸಕ್ಕರೆ ನೀರು ಮಾಡಿಕೊಡು ಎಂದು ಹೇಳಿದ್ದಳು. ಆಕೆ ತಂದ ಲೋಟವನ್ನು ಸುವಾನ್ ಕೈಯಿಂದ ತಳ್ಳಿಬಿಟ್ಟ. ನೀರು ನೆಲದ ಪಾಲಾಯಿತು.

"ಸಕ್ಕರೆ ಕಾಯಿಲೆಯವ್ರಿಗೆ ಸಕ್ಕರೆ ಕುಡಿಸ್ತೀರಾ? ಕೊಂದೇಬಿಡ್ತೀರೇನು?"

ಪಿಕುನ್ ಬಂದಳು. ಗುರುಗಳನ್ನು ಕಂಡವಳೇ ಚೀಲದಿಂದ ಪುಟ್ಟ ಯಂತ್ರ ತೆಗೆದು ಸುವಾನನ ಕೈಗೆ ಕೊಟ್ಟಳು. ಎಲ್ಲಿ ಚುಚ್ಚಬೇಕು, ಹನಿ ಎಲ್ಲಿಗೆ ಮುಟ್ಟಿಸಬೇಕು ಎಂದು ಹೇಳಿದಳು. ಅವನು ಅವಳು ಹೇಳಿದ ಹಾಗೇ ಮಾಡಿದ. ಯಂತ್ರ ನಲವತ್ತೊಂದು ಎಂದು ತೋರಿಸಿತು.

"ಸಕ್ಕರೆ ಪೂರ್ತಿ ಇಳಿದಿದೆ ದೊಡ್ಡಪ್ಪಾ," ಎಂದಳು ಪಿಕುನ್. "ಹೆಚ್ಚಾದ್ರೆ ವರ್ಷಗಟ್ಲೆ ತಿಂದು ಕೊಲ್ಲುತ್ತೆ. ಇಷ್ಟು ಕಮ್ಮಿಯಾದ್ರೆ ಗಳಿಗೇಲಿ ಕೊಲ್ಲುತ್ತೆ. ಇವ್ರಿಗೆ ಈಗ ಬೇಕಾಗಿರೋ ಔಷಧಿ ಸಕ್ಕರೇನೇ."

ಸುವಾನ್ ಅಲ್ಲಾಡಲಿಲ್ಲ. ಭಿಕ್ಷೆಯ ಪಾತ್ರೆಗೆ ಬಿದ್ದದ್ದು ಬಿಟ್ಟರೆ, ಇಷ್ಟು ತಿಂಗಳು ಸಕ್ಕರೆಯನ್ನು ವಿಷವೆಂದು ಗುರುಗಳ ಹತ್ತಿರ ಸುಳಿಯಗೊಡದವನು ಅವನು. ಅದೇ ಕೈಯಿಂದ ಅದನ್ನೇ ಕುಡಿಸಬೇಕೇ?

ಪಿಕುನ್ ದನಿ ಏರಿಸಲಿಲ್ಲ. "ಇನ್ನೂ ಎಚ್ಚರ ಇದಾರೆ, ನುಂಗ್ತಾರೆ. ಎಚ್ಚರ ತಪ್ಪಿದ್ಮೇಲೆ ಬಾಯಿಗೆ ಏನೂ ಹಾಕೋಹಾಗಿಲ್ಲ, ಉಸಿರುಕಟ್ಟುತ್ತೆ. ನಿಮ್ಮ ಕೈಯಲ್ಲಿ ಕೊಡಿ. ಕೊಡಲ್ಲ ಅಂದ್ರೆ ಪಕ್ಕಕ್ಕೆ ಸರಿಯಿರಿ, ನಾನೇ ಮುಟ್ಟಿ ಕೊಡ್ತೀನಿ. ಪಾಪ ಬಂದ್ರೆ ನಂಗೇ ಬರ್ಲಿ."

ಬುವಾಲೈ ಆಗಲೇ ಇನ್ನೊಂದು ಲೋಟ ತಂದು ನಿಂತಿದ್ದಳು. ಮೂರು ಚಮಚ ಸಕ್ಕರೆ, ಅರ್ಧ ಲೋಟ ನೀರು. ಸುವಾನ್ ಲೋಟ ತೆಗೆದುಕೊಂಡ. ಗುರುಗಳ ತಲೆಯನ್ನು ತನ್ನ ತೋಳಿಗೆ ಆನಿಸಿಕೊಂಡು ಗುಟುಕು ಗುಟುಕಾಗಿ ಕುಡಿಸಿದ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಹದಿನೈದು ನಿಮಿಷ ಕಾಯಬೇಕು ಎಂದಳು ಪಿಕುನ್. ಕಾದರು. ಮತ್ತೆ ಚುಚ್ಚಿದರೆ ಎಪ್ಪತ್ತಾರು. ಲುವಾಂಗ್ ಪೋ ಕಣ್ಣು ಬಿಟ್ಟರು. ಸುತ್ತಲೂ ಇದ್ದ ಮುಖಗಳನ್ನು ಒಂದೊಂದಾಗಿ ನೋಡಿದರು.

"ಗಾಥೆ ಎಲ್ಲಿಗೆ ನಿಂತಿತ್ತು?" ಎಂದು ಕೇಳಿದರು.

ಹೆಂಗಸರು ಅತ್ತರು, ಗಂಡಸರು ನಕ್ಕರು, ಕೆಲವರು ಎರಡನ್ನೂ ಒಟ್ಟಿಗೆ ಮಾಡಿದರು. ಪಿಕುನ್ ಮಾತ್ರ ಇನ್ನೂ ನಿರಾಳವಾಗಲಿಲ್ಲ. ಇವತ್ತು ಎಷ್ಟು ಮಾತ್ರೆ ಕೊಟ್ಟಿರಿ ಎಂದು ಸುವಾನನನ್ನು ಕೇಳಿ ತಿಳಿದುಕೊಂಡಳು. ನಾಲ್ಕು ಮಾತ್ರೆ ಹೊಟ್ಟೆಯಲ್ಲಿವೆ, ಇವುಗಳ ಕೆಲಸ ನಾಳೆಯವರೆಗೂ ನಡೆಯುತ್ತದೆ, ಸಕ್ಕರೆ ಮತ್ತೆ ಇಳಿಯಬಹುದು, ಇವರೋ ಸಂಜೆ ಊಟ ಮಾಡುವವರಲ್ಲ, ಆದ್ದರಿಂದ ಆಸ್ಪತ್ರೆಯಲ್ಲಿ ಸೂಜಿಯ ಮೂಲಕ ಸಕ್ಕರೆ ಹನಿಸುತ್ತ ಕಾಯಬೇಕು ಎಂದಳು. ಗಾಡಿಗೆ ಫೋನು ಮಾಡಿದಳು. ಆಮೇಲೆ ಸುವಾನನ ಕಡೆ ತಿರುಗಿ, ಗುರುಗಳ ಮಾತ್ರೆ ಎಲ್ಲೆಲ್ಲಿ ಏನೇನಿದೆಯೋ ಎಲ್ಲ ತರಲು ಹೇಳಿದಳು. ಹೊಸದು, ಹಳೇದು, ಯಾವುದನ್ನೂ ಬಿಡಬಾರದು.

ಸುವಾನ್ ಹೋಗಿ ತಗಡಿನ ಡಬ್ಬಿ ತಂದು ಅವಳ ಮುಂದೆ ಇಟ್ಟ. ಮುಚ್ಚಳ ತೆಗೆದ. ಒಳಗೆ ನೂರಿಪ್ಪತ್ತಕ್ಕೂ ಹೆಚ್ಚು ಸಂಜೆ ಮಾತ್ರೆಗಳಿದ್ದವು. ಅವನು ಬೈಗುಳಕ್ಕೆ ತಲೆ ಬಗ್ಗಿಸಿ ಕೂತ.

"ಬರೆದಂಗೆ ಕೊಡ್ತಿದೀನಿ ಅಂತ ಅವತ್ತು ಹೇಳಿದ್ನಲ್ಲಾ," ಎಂದ. "ಸುಳ್ಳು ಹೇಳಿದ್ದೆ ಕಣಮ್ಮ. ಸಂಜೆ ಊಟ ಇಲ್ದೋರಿಗೆ ಸಂಜೆ ಮಾತ್ರೆ ಹೆಂಗೆ ಕೊಡೋದು ಅಂತ ನಂಗೆ ಗೊತ್ತಿರ್ಲಿಲ್ಲ."

ಬುವಾಲೈ ಗಂಡನ ಮುಖ ನೋಡಿದಳು. ಮದುವೆಯಾಗಿ ಮೂವತ್ತು ವರ್ಷಕ್ಕೆ ಅವನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಅವಳು ಕೆಣಕಲಿಲ್ಲ.

ಪಿಕುನ್ ಬೈಯಲಿಲ್ಲ. ನಮ್ಮದೂ ತಪ್ಪಿದೆ ದೊಡ್ಡಪ್ಪಾ ಎಂದಳು. ಇವರು ಎಷ್ಟು ಹೊತ್ತಿಗೆ ಉಣ್ಣುತ್ತಾರೆ ಎಂದು ಆಸ್ಪತ್ರೆಯಲ್ಲಿ ಯಾರೂ ಕೇಳಲಿಲ್ಲ. ನೀವು ಹೇಳಲಿಲ್ಲ. ನಾನೂ ಅವತ್ತು ಮಾತ್ರೆ ತೋರಿಸಿ ಎನ್ನದೆ ಎದ್ದುಹೋದೆ. ಮೂರು ಕಡೆಯವರೂ ಸೇರಿ ಒಬ್ಬ ದೊಡ್ಡ ಮನುಷ್ಯರನ್ನು ಕಳೆದುಕೊಳ್ಳುವುದರಲ್ಲಿದ್ದೆವು ಎಂದಳು. ಡಬ್ಬಿಯನ್ನು ಹಾಗೇ ಎತ್ತಿಕೊಂಡು ಗಾಡಿ ಹತ್ತಿದಳು. ಸುವಾನನೂ ಹತ್ತಿದ.

ಆಸ್ಪತ್ರೆಯಲ್ಲಿ ಈ ಸಲ ಡಾಕ್ಟರ ಮುಂದೆ ಕಾಗದ ಮಾತ್ರ ಇರಲಿಲ್ಲ, ಮನುಷ್ಯರಿದ್ದರು, ಡಬ್ಬಿಯೂ ಇತ್ತು. ಸುವಾನ್ ಒಂದನ್ನೂ ಮುಚ್ಚಿಡದೆ ಹೇಳಿದ. ಡಾಕ್ಟರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಸಂಜೆಯ ಮಾತ್ರೆಯನ್ನು ಪೂರ್ತಿ ತೆಗೆದುಹಾಕಿದರು. ಬೆಳಿಗ್ಗೆ ಏಳರ ಊಟಕ್ಕೊಂದು, ಹನ್ನೊಂದರ ಊಟಕ್ಕೆ ಬೇರೆ ಬಗೆಯದೊಂದು, ಹನ್ನೆರಡರ ಮೇಲೆ ಯಾವುದೂ ಇಲ್ಲ, ಹಾಗೆ ಹೊಂದಿಸಿದರು. ಪುಸ್ತಕದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ, ಇವರು ಭಿಕ್ಷು, ಮಧ್ಯಾಹ್ನದ ಮೇಲೆ ಊಟವಿಲ್ಲ ಎಂದು ದಪ್ಪಕ್ಷರದಲ್ಲಿ ಬರೆದರು.

ಮೂರನೆಯ ದಿನ ಬೆಳಿಗ್ಗೆ ಲುವಾಂಗ್ ಪೋ ವಿಹಾರಕ್ಕೆ ವಾಪಸು ಬಂದರು. ಏಳು ದಿನದ ವಿನಾಯಿತಿಯಲ್ಲಿ ಇನ್ನೂ ನಾಲ್ಕು ದಿನ ಉಳಿದಿತ್ತು. ಐವರು ಐವರಾಗಿಯೇ ಉಳಿದರು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಗಾಯ ಒಣಗಬೇಕಿತ್ತು, ಸಕ್ಕರೆ ಹದಕ್ಕೆ ಬರಬೇಕಿತ್ತು. ಹಬ್ಬಕ್ಕೆ ಇನ್ನು ಆರು ವಾರ. ಪಿಕುನ್ ಹೊಸ ಮಾತ್ರೆಗಳನ್ನು ಸುವಾನನ ಮುಂದೆ ಹರಡಿ ಒಂದೊಂದನ್ನೂ ವಿವರಿಸಿದಳು. ಸುವಾನ್ ತಲೆಯಾಡಿಸುತ್ತ ಅರ್ಥವಾಯಿತು ಎಂದ.

"ಅರ್ಥ ಆಯ್ತು ಅಂದ್ರೆ ನಾನು ನಂಬಲ್ಲ," ಎಂದಳು ಪಿಕುನ್. "ನಂಗೇನೂ ಗೊತ್ತಿಲ್ಲ ಅಂದ್ಕೊಳಿ. ಈಗ ನೀವು ನಂಗೆ ಹೇಳ್ಕೊಡಿ."

ಸುವಾನನ ಹಳೆಯ ಬಿಂಕ ಮತ್ತೆ ತಲೆಯೆತ್ತಿತು. ಅರವತ್ತರ ವಯಸ್ಸಿನಲ್ಲಿ ಮಗುವಿನ ಹಾಗೆ ಪಾಠ ಒಪ್ಪಿಸಬೇಕೇ ಎಂದು ಮುಖ ಊದಿಸಿದ. ಅಷ್ಟರಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದ ಲುವಾಂಗ್ ಪೋ ಮಾತಾಡಿದರು.

"ಸುವಾನ್, ನೀನು ನನ್ನ ಹತ್ರ ಗಾಥೆ ಕಲಿತಿದ್ದಾಗ, ‘ಅರ್ಥ ಆಯ್ತು’ ಅಂದ್ರೆ ನಾನು ನಿನ್ನ ಮುಂದಿನ ಸಾಲಿಗೆ ಬಿಡ್ತಿದ್ನಾ?"

"ಇಲ್ಲ ಲುವಾಂಗ್ ಪೋ. ತಿರುಗಿ ಒಪ್ಪಿಸಿದ್ಮೇಲೇನೇ ಬಿಡ್ತಿದ್ರಿ."

"ಯಾಕೆ?"

ಕೇಳಿದವನಿಗೆ ಬಂದಿದೆ ಅನ್ನಿಸುತ್ತದೆ, ಒಪ್ಪಿಸಿದಾಗಲೇ ಬಂದಿದೆಯೋ ಇಲ್ಲವೋ ತಿಳಿಯುವುದು ಎಂದು ಸುವಾನ್ ಮೆಲ್ಲಗೆ ಹೇಳಿದ. ಅದನ್ನು ಅವನಿಗೆ ಕಲಿಸಿದವರೇ ಎದುರಿಗೆ ಕೂತಿದ್ದರು.

"ನೋಡು ಮತ್ತೆ," ಎಂದರು ಲುವಾಂಗ್ ಪೋ. "ಗಾಥೆ ತಪ್ಪಿದ್ರೆ ನಿನ್ನ ಬಾಯಿ ತಪ್ಪುತ್ತೆ ಅಷ್ಟೇ. ಇದು ತಪ್ಪಿದ್ರೆ ನಾನು ಹೋಗ್ತೀನಿ. ಒಪ್ಪಿಸಪ್ಪ."

ಸುವಾನ್ ಮಂಡಿಯೂರಿ ಕೂತು ಒಪ್ಪಿಸಿದ. ಮೊದಲ ಸಲ ಎರಡು ಮಾತ್ರೆಗಳನ್ನು ಅದಲು ಬದಲು ಮಾಡಿದ. ಎರಡನೆಯ ಸಲ, ಬೆವರು ನಡುಕ ಬಂದರೆ ಏನು ಮಾಡಬೇಕು ಎಂಬುದನ್ನು ಬಿಟ್ಟ. ಬುವಾಲೈ ಹಿಂದಿನಿಂದ ಹೇಳಿಕೊಡಲು ಹೋದರೆ ಪಿಕುನ್ ಅವಳ ಬಾಯಿ ಮುಚ್ಚಿಸಿದಳು. ನಾಲ್ಕನೆಯ ಸಲ ಗಾಥೆಯ ರಾಗದಲ್ಲೇ, ತಡೆಯದೆ, ಮೊದಲಿಂದ ಕೊನೆಯವರೆಗೆ ಹೇಳಿದ: ಯಾವ ಮಾತ್ರೆ, ಯಾವುದಕ್ಕೆ, ಯಾವ ಹೊತ್ತಿಗೆ, ಯಾವ ಊಟಕ್ಕೆ, ಊಟ ತಪ್ಪಿದರೆ ಕೇಳದೆ ಕೊಡಬಾರದು, ಬೆವರಿ ನಡುಗಿ ಮಾತು ತೊದಲಿದರೆ, ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯ ನೀರು, ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷೆ, ಎಚ್ಚರವಿಲ್ಲದಿದ್ದರೆ ಬಾಯಿಗೆ ಏನೂ ಇಲ್ಲ, ನೇರ ಆಸ್ಪತ್ರೆ. ಲುವಾಂಗ್ ಪೋ ಕಣ್ಣು ಮುಚ್ಚಿ ಕೇಳಿ, ಭೇಷ್ ಎನ್ನುವ ಹಾಗೆ ‘ಸಾಧು’ ಎಂದರು.

ತಗಡಿನ ಡಬ್ಬಿಯನ್ನು ಪಿಕುನ್ ಚಾಪೆಯ ಮೇಲೆ ಮಗುಚಿದಳು. ಅವಧಿ ಮುಗಿದವು, ಹೆಸರಿಲ್ಲದವು, ಅರ್ಧ ಕತ್ತರಿಸಿದವು, ಎಲ್ಲವನ್ನೂ ಕಟ್ಟಿ ಆರೋಗ್ಯ ಕೇಂದ್ರಕ್ಕೆ ಒಯ್ದಳು. ಕೆರೆಗೆ ಚೆಲ್ಲುವುದೂ ಬೇಡ, ಅಯ್ಯೋ ಪಾಪ ಅಂತ ಇನ್ನೊಬ್ಬರಿಗೆ ಕೊಡುವುದೂ ಬೇಡ ಎಂದಳು. ಬುವಾಲೈ ಹೆಂಗಸರನ್ನು ಕೂಡಿಸಿದಳು. ಸತ್ತವರಿಗೆ ಇಷ್ಟವಿದ್ದ ತಿಂಡಿಯಿಂದ ಬದುಕಿದವರನ್ನು ಸಾಯಿಸಬೇಡಿ ಎಂದು ನೇರವಾಗಿಯೇ ಹೇಳಿದಳು. ಒಂದಿಬ್ಬರು ಮೂತಿ ತಿರುವಿದರು, ನಮ್ಮತ್ತೆ ಕನಸಲ್ಲಿ ಬಂದು ಕೇಳಿದರೆ ಏನು ಹೇಳಲಿ ಎಂದರು. ನಿಮ್ಮತ್ತೆ ಏನಾದರೂ ಅಂದರೆ ನನ್ನ ಹತ್ತಿರ ಕಳಿಸು ಎಂದಳು ಬುವಾಲೈ. ಮಾರನೆಯ ವಾರದಿಂದ ಪಾತ್ರೆಗಳಲ್ಲಿ ಸುಟ್ಟ ಮೀನು, ಬೇಯಿಸಿದ ಸೊಪ್ಪು, ಪಾಲಿಶ್ ಮಾಡದ ಅಕ್ಕಿಯ ಅನ್ನ ಕಾಣಿಸಿಕೊಂಡವು.

ಗಾಯ ಮೊದಲು ಅಂಚಿನಲ್ಲಿ ಒಣಗಿತು, ಆಮೇಲೆ ನಡುವೆ. ಮಳೆಗಾಲದ ವ್ರತ ಮುಗಿಯುವ ಹೊತ್ತಿಗೆ ಚರ್ಮ ಕೂಡಿಕೊಂಡಿತ್ತು. ಯಂತ್ರ ನೂರಾ ಇಪ್ಪತ್ತರ ಆಸುಪಾಸು ತೋರಿಸುತ್ತಿತ್ತು. ಪ್ರತಿ ಸಲವೂ ಸುವಾನ್ ಆ ಸಂಖ್ಯೆಯನ್ನು ಮೈಕಿನಲ್ಲಿ ಸಾರಬೇಕೆಂದು ಹೊರಡುತ್ತಿದ್ದ. ಬುವಾಲೈ ತಡೆಯುತ್ತಿದ್ದಳು.

ಕಥಿನ್ ದಿನ ಬೆಳಿಗ್ಗೆ ಊರಿಗೆ ಊರೇ ಬೀದಿಗಿಳಿಯಿತು. ಉದ್ದನೆಯ ಡೋಲು, ತಾಳ, ಕುಣಿತ. ಹೆಂಗಸರು ತಾವೇ ನೇಯ್ದ ಬಟ್ಟೆಯನ್ನು ತಲೆಯ ಮೇಲೆ ಹೊತ್ತು ವಿಹಾರಕ್ಕೆ ಮೂರು ಸುತ್ತು ಬಂದರು. ಸಂತೆಯಲ್ಲಿ ಕೆಣಕಿದ್ದ ಪಕ್ಕದೂರಿನವರೂ ಬಂದಿದ್ದರು, ಕುಣಿದದ್ದೂ ಅವರೇ ಹೆಚ್ಚು. ಮಂಟಪದಲ್ಲಿ ಭಿಕ್ಷುಗಳು ಸಾಲಾಗಿ ಕೂತಿದ್ದರು. ಸುವಾನ್ ಎಣಿಸಿದ. ಒಂದು, ಎರಡು, ಮೂರು, ನಾಲ್ಕು. ಐದನೆಯವರು ತಮ್ಮ ಕುಟೀರದಿಂದ, ಯಾರ ತೋಳನ್ನೂ ಹಿಡಿಯದೆ, ಎರಡು ಕಾಲನ್ನೂ ಊರಿಕೊಂಡು ನಡೆದುಬಂದು ಕೂತರು. ಜನ ಒಂದೇ ದನಿಯಲ್ಲಿ ಸಾಧು ಸಾಧು ಎಂದರು. ಆ ದನಿ ಕೆರೆಯಾಚೆಗೂ ಕೇಳಿಸಿತಂತೆ.

ದಾನಿಗಳ ಹೆಸರು ಓದಲು ಸುವಾನ್ ಮೈಕು ಹಿಡಿದ. ಪಟ್ಟಿಯನ್ನು ಬಿಚ್ಚಿದವನು ಮಡಿಸಿ ಜೇಬಿಗಿಟ್ಟ.

"ಹೆಸರು ಆಮೇಲೆ ಓದ್ತೀನಿ," ಎಂದ. "ಮೊದ್ಲು ಒಂದು ಮಾತು. ನಿಮ್ಮ ಲುವಾಂಗ್ ಪೋನ ನಾನೇ ಕೊಲ್ಲೋದ್ರಲ್ಲಿದ್ದೆ. ಮಾತ್ರೆ ತಪ್ಪು ಕೊಟ್ಟಿದ್ದಕ್ಕಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆ ಪಟ್ಟಿದ್ದಕ್ಕೆ. ಇನ್ಮೇಲೆ ಈ ಊರಲ್ಲಿ ಮಾತ್ರೆ ನುಂಗೋಣ, ಮಾತು ನುಂಗೋದು ಬೇಡ. ಈಗ ಎಲ್ರೂ ನನ್ ಜೊತೆ ಒಪ್ಪಿಸಿ."

ಗಾಥೆಯ ರಾಗದಲ್ಲಿ ಅವನು ಒಂದೊಂದು ಸಾಲು ಹೇಳಿದ: ಯಾವ ಮಾತ್ರೆ, ಯಾವುದಕ್ಕೆ, ಯಾವ ಹೊತ್ತಿಗೆ, ಯಾವ ಊಟಕ್ಕೆ. ಇಡೀ ಊರು ತಿರುಗಿ ಹೇಳಿತು. ಪಕ್ಕದೂರಿನವರೂ ಹೇಳಿದರು. ಲುವಾಂಗ್ ಪೋ ಕಣ್ಣು ಮುಚ್ಚಿ ಕೇಳುತ್ತಿದ್ದರು. ಗುಂಪಿನ ಹಿಂದೆ ನಿಂತಿದ್ದ ಪಿಕುನ್ ನಗುತ್ತಲೇ ಹೆಗಲ ಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಂಡಳು. ಯಾರೂ ಒಂದು ಸಾಲನ್ನೂ ತಪ್ಪಿಸಲಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಅಮ್ಮ, ನಿಮ್ಮ ಮನೆಯಲ್ಲೂ ಅಂಥದೊಂದು ಡಬ್ಬಿ ಇದೆ, ಇಲ್ಲ ಎನ್ನಬೇಡಿ. ಇವತ್ತೇ ಮುಚ್ಚಳ ತೆಗೆಯಿರಿ. ಅದನ್ನು ಹಾಗೇ ಚೀಲಕ್ಕೆ ಹಾಕಿಕೊಂಡು ಹತ್ತಿರದ ನರ್ಸಮ್ಮನ ಹತ್ತಿರ ಹೋಗಿ. ನೀವು ಒಪ್ಪೊತ್ತು ಉಣ್ಣುವವರೋ, ಸೋಮವಾರ ಉಪವಾಸ ಮಾಡುವವರೋ, ರೋಜಾ ಹಿಡಿಯುವವರೋ, ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗುವವರೋ, ನೀವು ನಿಜವಾಗಿ ಹೇಗೆ ಬದುಕುತ್ತೀರೋ ಹಾಗೇ ಹೇಳಿ. ಬಿಟ್ಟ ಮಾತ್ರೆಯನ್ನು ಬಿಟ್ಟಿದ್ದೇನೆ ಎಂದೇ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ, ನೀವಾಗಿಯೇ ಹೆಚ್ಚಿಸಲೂಬೇಡಿ. ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಅರ್ಥವಾಯಿತು ಎಂದು ಎದ್ದುಬರಬೇಡಿ. ಅಲ್ಲೇ ಕೂತು, ನಾಚಿಕೆಪಡದೆ, ಒಂದು ಸಲ ತಿರುಗಿ ಒಪ್ಪಿಸಿ ಬನ್ನಿ.